ನಲವತ್ತೊಂದನೆಯ ಕೀಲಿ

ಮಾರ್ಚ್ ೩, ಮಂಗಳವಾರ

ಬರೆಯದಿದ್ದರೆ ತಲೆ ಸಿಡಿಯುತ್ತದೆ. ಅಕ್ಷರ ಹೇಗಾದರೂ ಬೀಳಲಿ.

ಇವತ್ತು ನನ್ನ ಭಾಮೈದನ ಬಲಗೈ ಸುಟ್ಟು ಇದ್ದಿಲಾಯಿತು. ಹೆಂಡತಿಗೆ ಇರುವವನು ಒಬ್ಬನೇ ತಮ್ಮ. ಈ ಕೆಲಸಕ್ಕೆ ಸೇರಿಸಿದವನು ನಾನು. ನನ್ನ ಮನೆಯಲ್ಲೇ ಉಂಡು, ನನ್ನ ಮಗಳಿಗೆ ಲೆಕ್ಕ ಹೇಳಿಕೊಡುವ ಹುಡುಗ.

ಅತ್ತೆ ಮೂರು ದಿನದಿಂದ ಮುನಿಸಿಕೊಂಡಿದ್ದಳು. ಅತ್ತೆ ಅಂದರೆ ನಮ್ಮ ಗೈರೋಟ್ರಾನ್. ಆಳೆತ್ತರದ ತಾಮ್ರ, ಉಕ್ಕಿನ ಕೊಳವೆ. ದೊಡ್ಡ ಅಯಸ್ಕಾಂತದ ಮಡಿಲಲ್ಲಿ ಕೂತು, ಹೊಟ್ಟೆಯೊಳಗೆ ಎಲೆಕ್ಟ್ರಾನುಗಳನ್ನು ಗಿರಗಿರ ತಿರುಗಿಸಿ, ಅಡುಗೆಮನೆಯ ಸಾವಿರ ಮೈಕ್ರೋವೇವ್ ಒಲೆಗಳ ಶಕ್ತಿಯನ್ನು ಒಂದೇ ಬಾಯಿಂದ ಉಗುಳುತ್ತಾಳೆ. ಎಲ್ಲೋ ಕಟ್ಟುತ್ತಿರುವ ಸಮ್ಮಿಳನ ಸ್ಥಾವರದಲ್ಲಿ ಸೂರ್ಯನ ಹೊಟ್ಟೆಗಿಂತ ಬಿಸಿಯಾದ ಪ್ಲಾಸ್ಮಾ ಕಾಯಿಸುವುದಕ್ಕೆ ಇಂಥವರು ಡಜನ್‌ಗಟ್ಟಲೆ ಬೇಕಂತೆ. ಅದಕ್ಕೆ ಮೊದಲು ಪಳಗಿಸಬೇಕು. ಒಂದು ಸೆಕೆಂಡು, ಎರಡು, ಹತ್ತು, ನೂರು. ಸ್ವಲ್ಪ ಅವಸರ ಮಾಡಿದರೆ ಒಳಗೆ ಕಿಡಿ ಹಾರಿಸಿ ಬಾಯಿ ಮುಚ್ಚುತ್ತಾಳೆ; ಮತ್ತೆ ಒಂದರಿಂದ ಶುರು. ಹೆಸರು ಸುಮ್ಮನೆ ಬಂದದ್ದಲ್ಲ.

ಅವಳಿಗೆ ಹತ್ತಾರು ಸಾವಿರ ವೋಲ್ಟ್ ಉಣಿಸುವ ಪೆಟ್ಟಿಗೆಗಳು ಕಬ್ಬಿಣದ ಪಂಜರದೊಳಗಿವೆ. ಪಂಜರಕ್ಕೂ ಕರೆಂಟಿಗೂ ಒಂದೇ ಕೀಲಿ. ಮೈಮೇಲೆ ನಲವತ್ತೊಂದು ಎಂದು ಉಬ್ಬಂಕಿ. ಫಲಕದಿಂದ ಕೀಲಿ ಕಿತ್ತರೆ ಕರೆಂಟು ಸಾಯುತ್ತದೆ. ಅದೇ ಕೀಲಿಯಿಂದ ಪಂಜರ ತೆರೆದು, ಅದನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋಗಬೇಕು. ಒಳಗಿರುವವನ ಜೀವ ಅವನ ಜೇಬಿನಲ್ಲೇ. ಈ ನಿಯಮ ಮಾಡಿದವನು ಮನುಷ್ಯ.

ಆದರೆ ಕೀಲಿ ಕಿತ್ತರೆ ಅತ್ತೆಯ ಹೀಟರೂ ಆರುತ್ತದೆ, ಮತ್ತೆ ಕಾಯುವುದಕ್ಕೆ ಒಂದು ಗಂಟೆ. ಆ ಒಂದು ಗಂಟೆ ಉಳಿಸುವುದಕ್ಕೆ ನಮ್ಮ ಪ್ರಯೋಗಾಲಯದ ಸಾಹೇಬ ನಕಲಿ ಕೀಲಿ ಮಾಡಿಸಿದ. ಫಲಕದಲ್ಲಿ ನಕಲಿ, ಒಳಗಿರುವವನ ಜೇಬಿನಲ್ಲಿ ಅಸಲಿ. ದೊಡ್ಡ ಕರೆಂಟಿಗೆ ಫಲಕದಲ್ಲಿ ಬೇರೆ ಗುಂಡಿ; ಒಬ್ಬ ಒಳಗಿರುವಷ್ಟು ಹೊತ್ತು ಅದನ್ನು ಮುಟ್ಟಬಾರದು, ಅಷ್ಟೆ.

ಭಾಮೈದ ನಲವತ್ತೊಂದನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋಗಿ ಸಡಿಲವಾದ ನಟ್ಟು ಬಿಗಿಯುತ್ತಿದ್ದ. ಕಂಟ್ರೋಲ್ ರೂಮಿನಲ್ಲಿ ನಾನು, ಸಾಹೇಬ, ಇಬ್ಬರೇ. ಅವನ ಕೈ ಫಲಕಕ್ಕೆ ಹೋಯಿತು. "ಸಾರ್, ಒಳಗಿದ್ದಾನೆ!" ಅಂದೆ. ಎರಡು ಸಲ ಅಂದೆ. ಕೂಗಿ ಅಂದೆ.

"ಬಂದಾಯ್ತು ಬಿಡಯ್ಯ. ಎಷ್ಟೊತ್ತು ಬೇಕು ಒಂದು ನಟ್ಟಿಗೆ?" ಎಂದು ಆ ಗುಂಡಿ ತಿರುಗಿಸಿಬಿಟ್ಟ.

ಗೋಡೆ ಸೀಳಿದಂಥ ಸದ್ದು. ಆಮೇಲೆ ವಾಸನೆ. ನಾನು ಎಳೆದುಕೊಂಡಾಗ ಅವನ ಬೆರಳುಗಳು ನನ್ನ ಅಂಗಿಗೆ ಅಂಟಿಕೊಂಡು ಬಂದವು.

ಬದುಕಿದ್ದಾನೆ. ಯಾಕೆ ಗೊತ್ತೆ? ಕಿಡಿ ಹಾರಿದರೆ ರೆಪ್ಪೆ ಬಡಿಯುವುದರೊಳಗೆ ಕರೆಂಟು ಕಡಿಯುವ ರಕ್ಷಣೆಯೊಂದಿದೆ. ಕೊಳವೆಗೆ ಪೆಟ್ಟಾಗಬಾರದೆಂದು ಇಟ್ಟದ್ದು. ಆ ಕೊಳವೆಯ ಎಂಜಲಲ್ಲಿ ಒಬ್ಬ ಮನುಷ್ಯ ಉಳಿದ. ಅವಳ ಬಾಯಿಗೆ ವಜ್ರದ ಕಿಟಕಿ. ನಮ್ಮ ಕೈಗೆ ತೂತು ಬಿದ್ದ ಗವಸು.

ಆ ನೀಚನ ಕೈಯನ್ನು ಅದೇ ಜಾಗಕ್ಕೆ ಒತ್ತಿ ಹಿಡಿಯಬೇಕು. ನಾನೇ ಹಿಡಿಯುತ್ತೇನೆ.

ಮಾರ್ಚ್ ೪, ಬುಧವಾರ

ಮೊಣಕೈ ಕೆಳಗೆ ಕತ್ತರಿಸಿದರು. ತೊಡೆಯ ಮೇಲೂ ಸುಟ್ಟಿದೆಯಂತೆ. ಕಬ್ಬಿಣದ ಚೌಕಟ್ಟಿಗೆ ಒರಗಿ ನಿಂತಿದ್ದನಲ್ಲ, ಕರೆಂಟು ಅಲ್ಲಿಂದ ಹೊರಬಿದ್ದಿದೆ. ನಾನು ನೋಡಲಿಲ್ಲ. ಆಗಲಿಲ್ಲ. ನರ್ಸು ಅವನ ಬಟ್ಟೆಗಳನ್ನು ಒಂದು ಚೀಲದಲ್ಲಿ ಹಾಕಿಕೊಟ್ಟಳು, ಹೆಂಡತಿ ಎದೆಗವಚಿಕೊಂಡು ಮನೆಗೆ ತಂದಳು.

ಇಲ್ಲಿ ಮಾತ್ರ ಬರೆಯುತ್ತೇನೆ, ಬೇರೆಲ್ಲೂ ಹೇಳುವುದಿಲ್ಲ: ಆ ನಕಲಿ ಕೀಲಿ ಮಾಡಿಸಿ ತಂದವನು ನಾನು. ಬಸ್ ನಿಲ್ದಾಣದ ಎದುರಿನ ಬೀಗದವನ ಹತ್ತಿರ, ಸೋಪಿನ ಮೇಲೆ ಅಚ್ಚು ಒತ್ತಿಸಿ. "ನಂಬರ್ ಹೊಡೀಲಾ ಯಜಮಾನ್ರೇ?" ಅಂತ ಕೇಳಿದ. ಬೇಡ ಅಂದೆ.

ಈ ಪುಸ್ತಕ ಇನ್ನು ಮೇಲೆ ಟ್ರಂಕಿನಲ್ಲಿ, ಬೀಗ ಹಾಕಿ.

ಮಾರ್ಚ್ ೭, ಶನಿವಾರ

ಗೇಟಿಗೆ ನೋಟಿಸು ಅಂಟಿಸಿದ್ದಾರೆ. ನೌಕರನು ಕೀಲಿ ತೆಗೆದುಕೊಳ್ಳದೆ, ಸ್ಕ್ರೂಡ್ರೈವರ್ ಹಾಕಿ ಪಂಜರದ ಬಾಗಿಲೆಬ್ಬಿಸಿ ಒಳಗೆ ಹೋದದ್ದರಿಂದ ಅವಘಡವಾಗಿದೆಯಂತೆ. ಏಪ್ರಿಲ್ ಆರಕ್ಕೆ ವಿಚಾರಣೆ. ತಪ್ಪು ಅವನದೇ ಎಂದಾದರೆ ಕೆಲಸವೂ ಹೋಯಿತು, ಕೃತಕ ಕೈಯೂ ಇಲ್ಲ, ಮೇಲೆ ಪೊಲೀಸ್ ಕೇಸು.

ಕೈ ಕಿತ್ತುಕೊಂಡು ಕೈಗೆ ಬೇಡಿ ಹಾಕುತ್ತಾರಂತೆ! ಯಾವ ಕೈಗೆ ಹಾಕುತ್ತಾರೆ?

ಸೈಕಲ್ ಸ್ಟ್ಯಾಂಡಿನ ಹಿಂದೆ ಎಲ್ಲರೂ ಸೇರಿದೆವು. ಮುಂದೆ ನಿಂತವಳು ಕುಲುಮೆಯಕ್ಕ. ನಿರ್ವಾತ ಕುಲುಮೆಯಲ್ಲಿ ತಾಮ್ರಕ್ಕೂ ಪಿಂಗಾಣಿಗೂ ಬೆಸುಗೆ ಹಾಕುವವಳು. ಮೂವತ್ತು ವರ್ಷದಲ್ಲಿ ಅವಳ ಒಂದು ಬೆಸುಗೆಯೂ ಸೋರಿಲ್ಲ.

"ನೋಡಿದೋನು ನೀನೊಬ್ನೇ. ಹೇಳ್ತೀಯಾ?" ಅಂದಳು.

"ಹೇಳದೆ! ನಾಲಿಗೆ ಇರೋದು ಊಟಕ್ಕೆ ಮಾತ್ರಾನಾ ಅಕ್ಕಾ?"

ಎಲ್ಲರೂ ನಕ್ಕರು, ಚಪ್ಪಾಳೆ ಹೊಡೆದರು. ಇಪ್ಪತ್ತು ವರ್ಷದ ಹಿಂದೆ ಇದೇ ಗೇಟಿನ ಮುಂದೆ ಹನ್ನೆರಡು ದಿನ ಕೂತು ಲಾಠಿ ತಿಂದವನು ನಾನು. ಬೆನ್ನಿನ ಗೆರೆ ಇನ್ನೂ ಇದೆ. ಬಾಯಿ ಮುಚ್ಚಿಸುವ ಗಂಡು ಯಾವನು ಬರುತ್ತಾನೋ ಬರಲಿ.

ಮಾರ್ಚ್ ೧೨, ಗುರುವಾರ

ಸಾಹೇಬ ಕರೆಸಿದ. ಕೂತ್ಕೋ ಅಂದ. ಅವನ ಕೈಕೆಳಗಿನ ಹದಿನೆಂಟು ವರ್ಷದಲ್ಲಿ ಮೊದಲ ಸಲ.

"ಬಸ್ ನಿಲ್ದಾಣದ ಎದುರಿಗೆ ಒಬ್ಬ ಬೀಗದವನಿದ್ದಾನಂತಲ್ಲ," ಅಂದ. "ನಿನ್ನ ಗುರುತು ಚೆನ್ನಾಗಿ ಹಿಡೀತಾನೆ."

"ನೀವು ಹೇಳಿದ್ದಕ್ಕೆ ತಂದೆ."

"ನಾನು ಹೇಳಿದ್ದು ಎಲ್ಲಿ ಬರೆದಿದೆ? ತಂದಿದ್ದು ನಿನ್ನ ಕೈ. ಆ ಹುಡುಗನ ಕೈ ಹೋದದ್ದು ಯಾರ ಕೈಯಿಂದ ಅಂತ ನಿನ್ನ ಹೆಂಡತಿಗೆ ಗೊತ್ತಾ?"

ಮೇಜು ಎತ್ತಿ ಅವನ ಮೇಲೆ ಹಾಕಬೇಕು ಅನ್ನಿಸಿತು. ಗಾಜಿನ ಪೇಪರ್‌ವೇಟು ನನ್ನ ಕೈಯಳತೆಯಲ್ಲೇ ಇತ್ತು. ತಲೆಬುರುಡೆ ಎಲ್ಲಿ ಮೆತ್ತಗಿರುತ್ತದೆ ಎಂದು ಲೆಕ್ಕ ಹಾಕಿದೆ. ಹಾಕಿ, ಸುಮ್ಮನೆ ಕೂತೆ. ಅವನು ಚಹಾ ತರಿಸಿದ. ಪಂಜರದ ಮೇಲ್ವಿಚಾರಕನ ಜಾಗ ಖಾಲಿಯಿದೆ, ಕಾಯಂ ಕೆಲಸ, ಅನುಭವಸ್ಥರು ಬೇಕು ಅಂದ.

ಒಂದು ವಿಷಯ ಮಾತ್ರ ನಿಜ. ಆವತ್ತು ಪಂಪುಗಳ ಸದ್ದು ಜೋರಾಗಿತ್ತು. ನಾನು ಕೂಗಿದ್ದು ಅವನಿಗೆ ಕೇಳಿಸಿತ್ತೋ ಇಲ್ಲವೋ.

ಚಹಾ ಕುಡಿದೆ. ಕುಡಿದರೆ ಏನಾಯಿತು.

ಮಾರ್ಚ್ ೧೯, ಗುರುವಾರ

ಭಾಮೈದ ಮನೆಗೆ ಬಂದಿದ್ದಾನೆ. ಹೆಂಡತಿ ದಿನಕ್ಕೆರಡು ಸಲ ಕೋಣೆಯ ಬಾಗಿಲು ಹಾಕಿಕೊಂಡು ಗಾಯ ತೊಳೆಯುತ್ತಾಳೆ. ಆ ಹೊತ್ತಿಗೆ ನಾನು ಹೊರಗೆ ಹೋಗಿಬಿಡುತ್ತೇನೆ. ಅವನ ನರಳಾಟ ಬೀದಿ ತಿರುವಿನವರೆಗೂ ಕೇಳಿಸುತ್ತದೆ. ಇಷ್ಟು ಜೋರಾಗಿ ನರಳುವ ಅಗತ್ಯವೇನಿದೆ? ಅಕ್ಕಪಕ್ಕದವರು ಏನಂದುಕೊಂಡಾರು?

ಸಂಜೆ ಮಗಳು ಪುಸ್ತಕ ಮಡಚಿಟ್ಟು ಕೇಳಿದಳು: "ಅಪ್ಪಾ, ಮಾಮ ಒಳಗಿದ್ದಾನೆ ಅಂತ ನೀನು ಕೂಗಿದ್ಯಲ್ಲ, ಎಷ್ಟು ಜೋರಾಗಿ ಕೂಗಿದೆ?"

"ಜೋರಾಗಿ."

"ಕೂಗಿ ತೋರ್ಸು."

ಬಾಯಿ ತೆರೆದೆ. ಸ್ವರ ಹೊರಡಲಿಲ್ಲ. ಅವಳು ನೋಡುತ್ತಲೇ ಇದ್ದಳು, ಹನ್ನೊಂದು ವರ್ಷದ ಹುಡುಗಿ, ವಕೀಲರ ಹಾಗೆ. ಕೆನ್ನೆಗೆ ಬಾರಿಸಿದೆ. ಮೂಗಿನಿಂದ ರಕ್ತ ಬಂತು. ಅವಳ ಮೂಗು ಮೊದಲಿಂದಲೂ ಹಾಗೆ, ಬಿಸಿಲಿಗೆ ಹೋದರೂ ಬರುತ್ತದೆ.

ಭಾಮೈದ ಎಡಗೈಯಿಂದ ಅವಳ ಮೂಗೊರೆಸಿ, "ಭಾವ, ನನ್ನ ಮೇಲಿನ ಸಿಟ್ಟು ಇವಳ ಮೇಲೆ ಯಾಕೆ ತೀರಿಸ್ಕೋತೀರಿ?" ಅಂದ.

ಅವನ ಮೇಲೆ ನನಗೆ ಸಿಟ್ಟಿದೆಯೆಂದು ಯಾರು ಹೇಳಿದರು?

ಮಾರ್ಚ್ ೨೪, ಮಂಗಳವಾರ

ಆ ಬಟ್ಟೆಯ ಚೀಲ ಮಂಚದ ಕೆಳಗಿತ್ತು. ಅಕ್ಕ ತಮ್ಮ ಇಬ್ಬರೂ ಆಸ್ಪತ್ರೆಗೆ ಪಟ್ಟಿ ಬದಲಾಯಿಸಿಕೊಳ್ಳಲು ಹೋಗಿದ್ದರು. ಪ್ಯಾಂಟಿನ ಜೇಬು ಕರಕಲಾಗಿ ಮುದ್ದೆಗಟ್ಟಿತ್ತು. ಕೀಲಿ ಬಟ್ಟೆಗೆ ಕಚ್ಚಿಕೊಂಡಿತ್ತು. ಕೀಳುವಾಗ ಚರ್ಮದ ಚೂರೂ ಬಂತು. ವಾಂತಿಯಾಯಿತು. ಆಮೇಲೆ ಮರಳುಕಾಗದದಿಂದ ಉಜ್ಜಿದೆ. ಕೈ ಕಸುಬಿನದು, ಕೆಲಸ ಹಿಡಿದರೆ ಅಚ್ಚುಕಟ್ಟು. ನಲವತ್ತೊಂದು ಹೊಸದರ ಹಾಗೆ ಹೊಳೆಯಿತು.

ಸಾಹೇಬರ ಮೇಜಿನ ಮೇಲಿಟ್ಟೆ. ಅವರು ನಕಲಿಯನ್ನು ನನ್ನೆದುರೇ ಹೊರಗಿನ ಎರಕದವನ ಕುಲುಮೆಗೆ ಹಾಕಿಸಿದರು. ಇನ್ನು ಇರುವುದು ಒಂದೇ ಕೀಲಿ. ಒಂದೇ ಇದೆ ಎಂದರೆ ಸುಳ್ಳಾಗುವುದಿಲ್ಲ.

ಮಾರ್ಚ್ ೨೮, ಶನಿವಾರ

ಮೇಲ್ವಿಚಾರಕನಾಗಿ ಐದನೇ ದಿನ. ನೀಲಿ ಅಂಗಿ ಹೋಗಿ ಬಿಳಿ ಅಂಗಿ. ತಿರುಗುವ ಕುರ್ಚಿ. ಬೆನ್ನಿನ ಹಳೇ ನೋವಿಗೆ ಒಳ್ಳೆಯದಾಯಿತು.

ಅತ್ತೆ ಮುನ್ನೂರು ಸೆಕೆಂಡು ದಾಟಿದಳು! ಏಪ್ರಿಲ್ ಒಂಬತ್ತಕ್ಕೆ ಹೊರಗಿನ ದೊಡ್ಡವರ ಮುಂದೆ ಸಾವಿರ ಸೆಕೆಂಡು ತೋರಿಸಬೇಕು. ಬೆಳಿಗ್ಗೆ ಅವಳ ಬಾಯ ಮುಂದೆ ಶಾಖಕ್ಕೆ ಕಪ್ಪಾಗುವ ಕಾಗದ ಹಿಡಿಸಿ ಒಂದು ಚಿಟಿಕೆ ಹೊತ್ತು ಹೊಡೆಸಿದೆ. ದುಂಡಗೆ, ನಡುವೆ ದಟ್ಟ, ಅಂಚಿಗೆ ತಿಳಿ. ನಾಣ್ಯ ಒತ್ತಿದ ಹಾಗೆ ಗುರುತು. ಕಿರಣ ಸರಿಯಾಗಿದೆ ಅಂದೆ. ಯಂತ್ರಗಳ ಪರದೆ ಏನು ಬೇಕಾದರೂ ಹೇಳಲಿ, ಸುಟ್ಟ ಕಾಗದ ಸುಳ್ಳು ಹೇಳುವುದಿಲ್ಲ. ಅದನ್ನು ಓದುವುದರಲ್ಲಿ ಇಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಆದರೆ ಈ ಜನಕ್ಕೆ ಶಿಸ್ತಿಲ್ಲ. ಪೆಟ್ಟಿಗೆಯೊಂದರ ಬೆಸುಗೆ ಬಿಟ್ಟು ನಟ್ಟು ಸಡಿಲವಾಗಿತ್ತು. ಬೆಸುಗೆಯವನು ಪಂಜರದ ಮುಂದೆ ಕಂಬದಂತೆ ನಿಂತುಬಿಟ್ಟ.

"ಕೀಲಿ ಕೊಡಿ, ಹೋಗ್ತೀನಿ."

"ಹೀಟರ್ ಆರತ್ತೆ. ಕೀಲಿ ಫಲಕದಲ್ಲಿರ್ಲಿ, ಬಾಗಿಲು ಸ್ಕ್ರೂಡ್ರೈವರ್ ಹಾಕಿ ನಾನು ತೆಗೆಸ್ತೀನಿ. ಎಷ್ಟೊತ್ತು ಬೇಕು ಒಂದು ನಟ್ಟಿಗೆ?"

"ಅಷ್ಟೊತ್ತು ಸಾಕು ಸಾರ್, ಸಾಯೋಕೆ."

ಎಲ್ಲರೂ ಕಿಸಕ್ಕನೆ ನಕ್ಕರು. ಕೊರಳಪಟ್ಟಿ ಹಿಡಿದು ಪಂಜರದ ಸರಳಿಗೆ ಅವನ ತಲೆ ಗುದ್ದಿಸಿದೆ. ಎರಡು ಸಲ. ಆಮೇಲೆ ಹೋದ. ಹೋಗಿ ಬಂದ, ಏನೂ ಆಗಲಿಲ್ಲ. ಆಗುತ್ತದೆ ಎಂದು ಹೆದರಿ ಕೂತರೆ ವಿಜ್ಞಾನ ಬೆಳೆಯುತ್ತದೆಯೇ?

ಕುಲುಮೆಯಕ್ಕ ದೂರದಿಂದ ನೋಡುತ್ತಿದ್ದಳು. ನನ್ನ ಬೆನ್ನನ್ನು ನೋಡುತ್ತಿದ್ದಳು, ಲಾಠಿಯ ಗೆರೆ ಇರುವ ಕಡೆ.

ಏಪ್ರಿಲ್ ೨, ಗುರುವಾರ

ಹೆಂಡತಿ ಚೀಲ ಬಿಚ್ಚಿ ನೋಡಿದ್ದಾಳೆ. ಊಟದ ತಟ್ಟೆಯ ಮುಂದೆ ಆ ಕರಕಲು ಪ್ಯಾಂಟು ತಂದು ಹಾಕಿದಳು.

"ಜೇಬಲ್ಲಿದ್ದದ್ದು ಎಲ್ಲಿ?"

"ಏನಿತ್ತು?"

"ನನ್ನ ಮುಖ ನೋಡಿ ಹೇಳ್ರೀ, ಏನಿತ್ತು ಅಂತ."

"ನಿನ್ನ ತಮ್ಮನಿಗೆ ಈ ಮನೇಲಿ ಅನ್ನ ಹಾಕ್ತಿರೋದು ಯಾರು? ಒಂದು ಕೈ ಇಲ್ಲದೋನಿಗೆ ನಾಳೆ ದಿಕ್ಕು ಯಾರು? ನಾನು ಈ ಜಾಗದಲ್ಲಿದ್ರೆ ತಾನೆ?"

"ಅವನಿಗೆ ನಿಮ್ಮ ಅನ್ನ ಬೇಕಾಗಿಲ್ಲ. ನಿಮ್ಮ ಬಾಯಿ ಬೇಕಾಗಿತ್ತು."

ಪಕ್ಕಕ್ಕೆ ಸರಿ ಎಂದು ತಳ್ಳಿದೆ, ಅಷ್ಟೆ. ಬಾಗಿಲ ಚೌಕಟ್ಟು ಅಲ್ಲೇ ಇತ್ತು, ಹಣೆ ಒಡೆಯಿತು. ನೋಡಿಕೊಂಡು ನಿಲ್ಲಬೇಕಿತ್ತು. ಮೂರು ಹೊಲಿಗೆ.

ಸಾಹೇಬರಿಗೂ ಮನೆಯಲ್ಲಿ ನೆಮ್ಮದಿಯಿಲ್ಲವಂತೆ. ಜವಾಬ್ದಾರಿ ಹೊತ್ತವರ ಕಷ್ಟ ಹೊತ್ತವರಿಗೇ ಗೊತ್ತು.

ಏಪ್ರಿಲ್ ೬, ಸೋಮವಾರ

ವಿಚಾರಣೆ ಮುಗಿಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮೀಟಿಂಗ್ ಹಾಲಿನಲ್ಲಿ ಉದ್ದ ಮೇಜು. ಹೊರಗಿನಿಂದ ಬಂದ ಮೂವರು. ನಡುವೆ ಕನ್ನಡಕದ ಹೆಂಗಸು, ಅವರೇ ಮುಖ್ಯಸ್ಥೆ. ಮೇಜಿನ ಮೇಲೆ ನಲವತ್ತೊಂದನೆಯ ಕೀಲಿ, ಚೀಟಿ ಕಟ್ಟಿಸಿಕೊಂಡು ಮದುಮಗನ ಹಾಗೆ ಮಲಗಿತ್ತು. ಗೋಡೆಗೊರಗಿ ನಮ್ಮ ಜನ.

"ಕೀಲಿ ಎಷ್ಟಿದ್ದವು?" ಮುಖ್ಯಸ್ಥೆ ನನ್ನನ್ನು ಕೇಳಿದರು.

"ಒಂದೇ."

"ಅಪಘಾತದ ಹೊತ್ತಿಗೆ ಎಲ್ಲಿತ್ತು?"

"ಫಲಕದಲ್ಲಿತ್ತು. ಅವನು ತಗೊಳ್ಳದೆ ಹೋದ."

"ಅವರು ಒಳಗಿರೋದು ನಿಮಗೆ ಗೊತ್ತಿತ್ತಾ?"

"ಗೊತ್ತಿರಲಿಲ್ಲ. ಗೊತ್ತಿದ್ದರೆ ಕೂಗ್ತಿದ್ದೆ."

ಹೇಳುವಾಗ ಸ್ವರ ಒಂದಿಷ್ಟೂ ನಡುಗಲಿಲ್ಲ. ಹೇಳಿದ್ದೇ ನಿಜವಿರಬೇಕು ಅನ್ನಿಸುವಷ್ಟು ಸಲೀಸಾಗಿ ಬಂತು.

ಆಗ ಭಾಮೈದ ಎದ್ದ. "ನನಗೆ ಮಾತಾಡೋಕೇನೂ ಇಲ್ಲ. ತೋರ್ಸೋಕಿದೆ," ಅಂದ. ಎಡಗೈಯನ್ನು ಸೊಂಟಕ್ಕೆ ಒಯ್ದು ತಡಕಾಡಿದ. "ಒಂಟಿ ಕೈಗೆ ಈ ಗುಂಡಿ ಬಗ್ಗಲ್ಲ. ಅಕ್ಕಾ, ಬಿಚ್ಚು."

ಹಣೆಗೆ ಪಟ್ಟಿ ಕಟ್ಟಿಕೊಂಡ ನನ್ನ ಹೆಂಡತಿ ಬಂದು ತಮ್ಮನ ಪ್ಯಾಂಟಿನ ಗುಂಡಿ ಬಿಚ್ಚಿದಳು.

"ಏನಿದು ಅಸಹ್ಯ! ಹೆಂಗಸರಿದ್ದಾರೆ ಇಲ್ಲಿ!" ಸಾಹೇಬರು ಎದ್ದು ನಿಂತರು.

"ಇರೋ ಹೆಂಗಸರು ನಾವೇ ಸಾರ್," ಅಂದಳು ಕುಲುಮೆಯಕ್ಕ. "ನಮಗೇನೂ ಆಗಲ್ಲ. ನಿಮಗೆ ನಾಚಿಕೆ ಆದ್ರೆ ಆಗ್ಲಿ, ಇಷ್ಟು ದಿನ ಆಗದೇ ಇದ್ದದ್ದು."

ಪ್ಯಾಂಟು ಕೆಳಗೆ ಬಿತ್ತು. ಹೆಂಡತಿ ತೊಡೆಯ ಪಟ್ಟಿ ಬಿಡಿಸಿದಳು. ನಾನು ಕಿಟಕಿಯ ಕಡೆ ತಿರುಗಿದೆ.

"ಭಾವ," ಅಂದ. "ಈ ಕಡೆ ನೋಡಿ. ಸುಟ್ಟ ಕಾಗದ ಓದೋರು ನಿಮ್ಮ ಬಿಟ್ರೆ ಇಲ್ಲಿ ಯಾರಿದ್ದಾರೆ? ಇದನ್ನೂ ಓದಿ."

ತಿರುಗಿದೆ. ಕಣ್ಣು ತಾನಾಗಿ ಓದಿತು. ಹದಿನೆಂಟು ವರ್ಷದ ಅಭ್ಯಾಸ. ಬೆರಳುದ್ದದ ಗುರುತು. ಒಂದು ತುದಿಗೆ ಬಿಲ್ಲೆಯಂಥ ದುಂಡು, ನಡುವೆ ಸಪೂರ ಕಾಂಡ, ಇನ್ನೊಂದು ತುದಿಗೆ ಎರಡು ಹಲ್ಲು. ಕಬ್ಬಿಣದ ಚೌಕಟ್ಟಿಗೂ ತೊಡೆಗೂ ನಡುವೆ ಸಿಕ್ಕಿದ ಕೀಲಿ ಮಾಂಸಕ್ಕೆ ಬರೆ ಎಳೆದಿದೆ. ದುಂಡಿನ ನಡುವೆ, ಚರ್ಮ ಕೂಡಿಕೊಂಡ ಕಡೆ, ತಿರುವುಮುರುವಾದ ಎರಡು ಅಂಕಿ.

ಕುಲುಮೆಯಕ್ಕ ಕೈಚೀಲದಿಂದ ಪುಟ್ಟ ಕನ್ನಡಿ ತೆಗೆದು ಅವನ ತೊಡೆಗೆ ಹಿಡಿದಳು. ಮುಖ್ಯಸ್ಥೆ ಬಾಗಿ ನೋಡಿದರು. ಮೇಜಿನ ಮೇಲಿನ ಕೀಲಿ ಎತ್ತಿ ನೋಡಿದರು. ಮತ್ತೆ ಕನ್ನಡಿ ನೋಡಿದರು.

"ಫಲಕದಲ್ಲಿತ್ತು ಅಂದಿರಲ್ಲ?" ಎಂದು ನನ್ನನ್ನು ಕೇಳಿದರು. "ಇಲ್ಲಿ ಏನು ಬರೆದಿದೆ, ಹೇಳಿ."

ಸಾಹೇಬರು ನನ್ನನ್ನೇ ನೋಡುತ್ತಿದ್ದರು.

"ಸ್ಪಷ್ಟವಿಲ್ಲ," ಅಂದೆ.

ಹೊರಗೆ ಮೆಟ್ಟಿಲ ಮೇಲೆ ಬೆಸುಗೆಯವನು ನನ್ನ ಮುಖಕ್ಕೆ ಉಗಿದ. ಯಾರೋ ಹಿಂದಿನಿಂದ ಒದ್ದರು. ಬಿದ್ದವನನ್ನು ತುಳಿದುಕೊಂಡೇ ಹೋದರು, ನಾನು ಮೆಟ್ಟಿಲೇನೋ ಎಂಬಂತೆ. ಮುಂಗೈ ಊದಿದೆ. ಎತ್ತಿ ಕೂರಿಸಿದವನು ಭಾಮೈದ, ಆ ಒಂಟಿ ಕೈಯಲ್ಲೇ. ಒಂದು ಮಾತೂ ಆಡಲಿಲ್ಲ. ಅಷ್ಟು ಕೊಬ್ಬು!

ಏಪ್ರಿಲ್ ೮, ಬುಧವಾರ

ಮನೆ ಖಾಲಿ. ಹೆಂಡತಿ, ಮಗಳು, ಭಾಮೈದ ಮೂವರೂ ಕುಲುಮೆಯಕ್ಕನ ಮನೆಯಲ್ಲಿದ್ದಾರಂತೆ. ಹೋಗಲಿ. ಚಹಾ ನಾನೇ ಮಾಡಿಕೊಂಡೆ, ಕಹಿ.

ವರದಿ ಬರುವುದಕ್ಕೆ ತಿಂಗಳಾಗುತ್ತದೆ. ಅಲ್ಲಿಯವರೆಗೆ ಸಾಹೇಬರು ಸಾಹೇಬರೇ. ನಾಳೆ ಸಾವಿರ ಸೆಕೆಂಡಿನ ಪ್ರದರ್ಶನ. ಆದರೆ ಬೆಳಿಗ್ಗೆ ಹೋಗಿ ನೋಡಿದರೆ ಪಂಪುಗಳನ್ನಷ್ಟೇ ಬಿಟ್ಟು, ಅತ್ತೆಯ ಮುಖ್ಯ ಸ್ವಿಚ್ಚಿನ ಹಿಡಿಯನ್ನು ಕೆಳಗಿಳಿಸಿ, ಅದಕ್ಕೆ ಸರಪಳಿ ಸುತ್ತಿ, ಬೀಗದ ಮೇಲೆ ಬೀಗ ಜಡಿದಿದ್ದಾರೆ. ಪ್ರತಿಯೊಬ್ಬರೂ ಅವರವರ ಮನೆಯಿಂದ ತಂದದ್ದು. ಸೈಕಲ್ ಬೀಗ, ಅಂಗಡಿ ಷಟರಿನ ಬೀಗ, ಮಗುವಿನ ಶಾಲೆಯ ಪೆಟ್ಟಿಗೆಯ ಬೀಗ. ಮೂವತ್ತೆರಡು. ಕೀಲಿಗಳು ಮೂವತ್ತೆರಡು ಜೇಬುಗಳಲ್ಲಿ. ಜನ ಗೇಟಿನ ಹೊರಗೆ ಕೂತಿದ್ದಾರೆ, ಇಪ್ಪತ್ತು ವರ್ಷದ ಹಿಂದೆ ಇನ್ಯಾರೋ ಕೂತಿದ್ದ ಜಾಗದಲ್ಲಿ. ಒಳಗಿನಿಂದ ನೋಡಿದರೆ ಎಷ್ಟು ಕಡಿಮೆ ಕಾಣುತ್ತಾರೆ.

ಸಾಹೇಬರು ಬಂದಾಗ ಉದ್ದ ಹಿಡಿಯ ಕಬ್ಬಿಣದ ಕತ್ತರಿ ಆಗಲೇ ನನ್ನ ಕೈಯಲ್ಲಿತ್ತು. ಅವರು ಹೇಳುವವರೆಗೆ ಕಾಯಲಿಲ್ಲ. ಮುಂಗೈ ಊದಿಕೊಂಡು ಹಿಡಿತ ಸಿಗುತ್ತಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ಅಂದೆ. ಅಲಗಿಗೆ ಎಣ್ಣೆ ಹಾಕಿಟ್ಟಿದ್ದೇನೆ. ಆ ಮೂವತ್ತೆರಡರಲ್ಲಿ ಒಂದು ಹಿತ್ತಾಳೆ ಬೀಗ, ನಮ್ಮ ಟ್ರಂಕಿನದು. ಮೊದಲು ಅದನ್ನೇ ಕತ್ತರಿಸುತ್ತೇನೆ.

ಟ್ರಂಕಿನ ಕೀಲಿ ನನ್ನ ಉಡುದಾರದಲ್ಲೇ ಇದೆ. ಬಚ್ಚಲಲ್ಲಿ ಕೈ ತೊಳೆಯುವಾಗ ಗೊತ್ತಾಯಿತು. ಸೋಪಿನ ಮೇಲೆ ಪುಟ್ಟ ಕೀಲಿಯ ಅಚ್ಚು. ಅವಳೂ ನಕಲಿ ಮಾಡಿಸಿದ್ದಾಳೆ, ನಾನು ಮಲಗಿದ್ದಾಗ ಒತ್ತಿಕೊಂಡು. ಕಳ್ಳಿ.

ಈ ಪುಸ್ತಕವನ್ನೇನೋ ಬಿಟ್ಟುಹೋಗಿದ್ದಾಳೆ. ಮೊದಲಿನ ಎರಡು ದಿನದ ಹಾಳೆಗಳು ಮಾತ್ರ ಇಲ್ಲ. ಬುಡಕ್ಕೆ ಅಡಿಪಟ್ಟಿ ಇಟ್ಟು ನೀಟಾಗಿ ಹರಿದುಕೊಂಡಿದ್ದಾಳೆ. ಸಂಜೆ ಗೇಟಿನ ಹೊರಗೆ ಕುಲುಮೆಯಕ್ಕ ಯಾವುದೋ ಕಾಗದ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. ಜನ ಸುತ್ತ ಮುತ್ತಿಕೊಂಡು ಕೇಳುತ್ತಿದ್ದರು, ಆ ಕನ್ನಡಕದ ಮುಖ್ಯಸ್ಥೆಯೂ ಕಾರಿನಿಂದಿಳಿದು ನಿಂತಿದ್ದರು. ಪಂಪಿನ ಸದ್ದಿಗೆ ನನಗೆ ಕೇಳಿಸಲಿಲ್ಲ.

ಏನು ಬರೆದಿದ್ದೆನೋ. ಆಗಿನಿಂದ ಕೂತು ಯೋಚಿಸುತ್ತಿದ್ದೇನೆ, ನೆನಪಾಗುತ್ತಿಲ್ಲ.